ಇಳಿಸುವ ಪೆಟ್ಟು

ಸೋಮವಾರ ಕ್ಲೋಟಿಲ್ಡಾಬಾಯಿ ಬೆಲ್ಟಿನ ಮುಂದೆ ನಿಂತಲ್ಲೇ ಉಚ್ಚೆ ಹೊಯ್ದುಕೊಂಡಳು. ಮಂಗಳವಾರ ಅವಳ ಕಾಲು ಕುಣಿಯತೊಡಗಿತು.

ಕಾರ್ಖಾನೆಯವರು ಎರಡನೆಯದನ್ನು ಮಾತ್ರ ನೆನಪಿಟ್ಟುಕೊಂಡರು. ಸುಶೀಲಾಬಾಯಿ ಎರಡನ್ನೂ ಕಂಡಿದ್ದಳು. ಅವಳು ಪಕ್ಕದಲ್ಲೇ ನಿಂತಿದ್ದಳು.

ಇಂಗ್ಲಿಷರ ನಾಡಿನಲ್ಲಿ, ವಿಮಾನ ನಿಲ್ದಾಣದ ಪಕ್ಕದ ಫೆಲ್ಥಮ್ಮಿನ ಆ ಶೆಡ್ಡಿನಲ್ಲಿ ವಿಮಾನಗಳಿಗೆ ಊಟ ಕಟ್ಟುತ್ತಾರೆ. ಬೇಯಿಸುವವರು ಬೇರೆ. ಇವರದು ಟ್ರೇ ತುಂಬುವ ಕೆಲಸ. ಬೆಲ್ಟು ಹರಿಯುತ್ತದೆ, ಖಾಲಿ ಟ್ರೇ ಬರುತ್ತದೆ. ಒಬ್ಬಳು ಚಮಚ ಇಡಬೇಕು, ಒಬ್ಬಳು ಬನ್ನು, ಒಬ್ಬಳು ಬೆಣ್ಣೆ, ಒಬ್ಬಳು ಸಲಾಡಿನ ಬಟ್ಟಲು. ಇಡೀ ಶೆಡ್ಡು ಫ್ರಿಜ್ಜಿನ ಒಳಗಿನ ಹಾಗೆ ತಣ್ಣಗಿರಬೇಕು, ಇಲ್ಲದಿದ್ದರೆ ಊಟ ಕೆಡುತ್ತದೆ. ಹೆಂಗಸರು ಕೆಟ್ಟರೆ ನಡೆಯುತ್ತದೆ. ಎರಡು ಜೊತೆ ಕಾಲುಚೀಲ, ಒಳಗೆ ಸ್ವೆಟರು, ಮೇಲೆ ಬಿಳಿ ಕೋಟು, ತಲೆಗೆ ಬಲೆ, ಕೈಗೆ ನೀಲಿ ಗ್ಲೋವ್ಸು. ಸ್ವಲ್ಪ ಹೊತ್ತಿಗೆ ಬೆರಳು ಇನ್ಯಾರದೋ ಬೆರಳಿನಂತಾಗುತ್ತದೆ. ತಲೆಯ ಮೇಲೆ ವಿಮಾನ ಏಳುತ್ತಲೇ ಇರುತ್ತದೆ. ತಗಡಿನ ಚಾವಣಿ ಅದುರುತ್ತದೆ. ಯಾರೂ ಮೇಲೆ ನೋಡುವುದಿಲ್ಲ.

ಈ ಬೇಸಿಗೆಯಲ್ಲಿ ಬೆಲ್ಟಿನ ವೇಗ ಹೆಚ್ಚಿಸಿದರು. ಹೆಂಗಸರನ್ನು ಹೆಚ್ಚಿಸಲಿಲ್ಲ.

ಇಡೀ ಲೈನಿಗೆ ಒಂದೇ ಒಂದು ಕೆಂಪು ಜಾಕೆಟ್ಟು. ಟಾಯ್ಲೆಟ್ಟಿಗೆ ಹೋಗುವವರು ಅದನ್ನು ತೊಟ್ಟು ಹೋಗಬೇಕು, ಬಂದು ಬಿಚ್ಚಿ ಕೊಡಬೇಕು. ಜಾಕೆಟ್ಟಿಲ್ಲದೆ ಬಾಗಿಲು ದಾಟಿದವರಿಗೆ ಮುಂದಿನ ವಾರ ಶಿಫ್ಟು ಇರುವುದಿಲ್ಲ. ಆ ಜಾಕೆಟ್ಟು ಲೈನ್ ಲೀಡರ್ ರುದ್ರೇಶನ ಹೆಗಲ ಮೇಲಿರುತ್ತಿತ್ತು, ಊರಗೌಡನ ಹೆಗಲಿನ ಟವೆಲ್ಲಿನಂತೆ.

ರುದ್ರೇಶ ಧಾರವಾಡದವನು. ಸುಶೀಲಾಬಾಯಿ ಕೆಲಸಕ್ಕೆ ಸೇರಿದ ದಿನ ಅವಳ ಬಾಯಿಂದ ಕನ್ನಡ ಕೇಳಿ ಅವನಿಗೆ ಹಿಗ್ಗೋ ಹಿಗ್ಗು.

"ವಿಜಾಪುರ ಕಡೇದವ್ರಾ? ಭಾಳ ಚಲೋ ಆತು ನೋಡ್ರಿ ಅಕ್ಕಾರ. ಯಾ ಊರು?"

"ಸಿಂದಗಿ ಹತ್ರ."

"ಹತ್ರ ಅಂದ್ರ? ಯಾರ ಪೈಕಿ ನೀವು?"

ಅಷ್ಟರಲ್ಲಿ ಬೆಲ್ಟು ಶುರುವಾಯಿತು. ಅವಳು ಬನ್ನು ಇಟ್ಟಳು. ಆ ಉತ್ತರವನ್ನು ಅವಳು ಎರಡು ವರ್ಷ ಕೊಡಲಿಲ್ಲ. ಅವನೂ ನಗುನಗುತ್ತ ಕೇಳುವುದನ್ನು ಬಿಡಲಿಲ್ಲ. ಹತ್ತಿರದ ಹೌನ್ಸ್ಲೋದಲ್ಲಿ ತನ್ನ ಚಿಗವ್ವನ ಮನೆಯ ಹಿಂದಿನ ರೂಮನ್ನು ಅವಳಿಗೂ ಅವಳ ಗಂಡನಿಗೂ ಬಾಡಿಗೆಗೆ ಕೊಡಿಸಿದವನು ಅವನೇ. ಕೇಳುವ ಹಕ್ಕು ತನಗಿದೆ ಎಂದುಕೊಂಡಿದ್ದ.

ಅವಳ ಗಂಡ ಅಡಿವೆಪ್ಪ ಕೇರ್ ಹೋಮಿನಲ್ಲಿ ಮುದುಕರ ಮೈ ತೊಳೆಯುತ್ತಾನೆ. ಬಿ.ಎ. ಮಾಡಿದವನು. ವಿಮಾನ ಹತ್ತುವ ಮುಂಚೆಯೇ ಹೇಳಿಕೊಟ್ಟಿದ್ದ: "ಕೇಳಿದ್ರ ರೈತರು ಅನ್ನು. ಸುಳ್ಳೇನಲ್ಲ. ಮಂದಿ ಹೊಲದಾಗ ದುಡದೀವಿ."

ಕ್ಲೋಟಿಲ್ಡಾಬಾಯಿ ಮಾತ್ರ ಯಾರ ಪೈಕಿ ಎಂದು ಕೇಳಿದವಳಲ್ಲ. ಉಡುಪಿ ಕಡೆಯ ಕ್ರಿಶ್ಚಿಯನ್ ಹೆಂಗಸು. ಅರವತ್ತು ಹತ್ತಿರ ಬಂದಿತ್ತು. ಗಂಡ ಸತ್ತಿದ್ದ, ಮಗ ಎಡ್ಸನ್ ಎಲ್ಲೋ ಉತ್ತರದಲ್ಲಿ ಲಾರಿ ಓಡಿಸುತ್ತಿದ್ದ. ಕಾಲಿನ ನರ ಉಬ್ಬಿ ಹಗ್ಗದಂತಾಗಿತ್ತು. "ನಾನೂ ಬಾಯಿ, ನೀನೂ ಬಾಯಿ. ಎರಡು ಬಾಯಿ ಇದ್ದೂ ಇಲ್ಲಿ ಮಾತಾಡ್ಲಿಕ್ಕಿಲ್ಲ ಮಾರಾಯ್ತಿ," ಎನ್ನುತ್ತ ಬೆಣ್ಣೆ ಇಡುತ್ತಿದ್ದಳು.

ಆ ಸೋಮವಾರ ಅವಳು ಕೈಯೆತ್ತಿದಳು. "ರುದ್ರೇಶ್, ಜಾಕೆಟ್ ಕೊಡು ಮಾರಾಯ."

"ಹತ್ತ್ ನಿಮಿಷ ತಡೀರಿ ಬಾಯಾರ. ದುಬೈ ಫ್ಲೈಟ್ ಹೋಗ್ಲಿ."

"ದುಬೈಗೆ ಹೋಗುವವರಿಗಿಂತ ನನಗೆ ಅರ್ಜೆಂಟು ಉಂಟು."

ಹೆಂಗಸರು ನಕ್ಕರು. ರುದ್ರೇಶನೂ ನಕ್ಕ. ಜಾಕೆಟ್ಟು ಹೆಗಲ ಮೇಲೆಯೇ ಉಳಿಯಿತು. ಎರಡನೆಯ ಸಲ ಕೈಯೆತ್ತಿದಾಗ ಅವಳು ತಮಾಷೆ ಮಾಡಲಿಲ್ಲ. ಮೂರನೆಯ ಸಲ ಕೈಯೆತ್ತಲೇ ಇಲ್ಲ.

ಸುಶೀಲಾಬಾಯಿ ಮೊದಲು ಕಂಡದ್ದು ಹಬೆ. ಆ ಚಳಿಯಲ್ಲಿ ನೆಲದಿಂದ ಸಣ್ಣಗೆ ಹಬೆ ಏಳುತ್ತಿತ್ತು. ಆಮೇಲೆ ಒದ್ದೆ ನೆಲ. ಆಮೇಲೆ ಕ್ಲೋಟಿಲ್ಡಾಳ ಪ್ಯಾಂಟು. ಮುಖ ನೋಡಲಿಲ್ಲ. ನೋಡಬಾರದು ಅನ್ನಿಸಿತು. ಕ್ಲೋಟಿಲ್ಡಾಳ ಕೈ ನಿಂತಿರಲಿಲ್ಲ. ಟ್ರೇ ಬಂತು, ಬೆಣ್ಣೆ ಇಟ್ಟಳು. ಟ್ರೇ ಬಂತು, ಬೆಣ್ಣೆ ಇಟ್ಟಳು.

ರುದ್ರೇಶ ಬಂದು ನೋಡಿದ. ನೀಲಿ ಕಾಗದದ ಸುರುಳಿಯೊಂದನ್ನು ಅವಳ ಕಾಲ ಬಳಿ ಎಸೆದ. "ಒರಸ್ರಿ. ಊಟದ ಜಾಗಾ ಇದು."

ಅವಳು ಮೊಣಕಾಲೂರಿ ಒರೆಸಿದಳು. ಅವಳ ಬೆಣ್ಣೆಯನ್ನೂ ಸುಶೀಲಾಬಾಯಿಯೇ ಇಟ್ಟಳು. ಆಮೇಲೆ ಕ್ಲೋಟಿಲ್ಡಾ ಎದ್ದು, ಅದೇ ಒದ್ದೆ ಪ್ಯಾಂಟಿನಲ್ಲಿ, ಆ ಚಳಿಯಲ್ಲಿ, ಶಿಫ್ಟು ಮುಗಿಯುವವರೆಗೆ ನಿಂತಳು.

ಮರುದಿನ ಮೊದಲು ಅವಳ ಹಿಮ್ಮಡಿ ನೆಲ ಬಡಿಯತೊಡಗಿತು. ಚಳಿಗೆ ಇರಬೇಕೆಂದು ಸುಶೀಲಾಬಾಯಿ ಅಂದುಕೊಂಡಳು. ಆಮೇಲೆ ಮೊಣಕಾಲು. ಆಮೇಲೆ ಕ್ಲೋಟಿಲ್ಡಾ ಕೈಯಲ್ಲಿದ್ದ ಬೆಣ್ಣೆಯನ್ನು ಕೆಳಗಿಟ್ಟು, ಬೆಲ್ಟಿಗೆ ಬೆನ್ನು ಹಾಕಿ, ಶೆಡ್ಡಿನ ನಡುವೆ ಹೋಗಿ ಕುಣಿದಳು.

"ಏನ್ ಬಾಯಾರ, ಪಾರ್ಟಿ ಏನು?" ರುದ್ರೇಶ ಕೂಗಿದ.

ಪಾರ್ಟಿಯಲ್ಲ ಎಂದು ಅವಳ ಮುಖ ಕಂಡ ಯಾರಿಗೂ ತಿಳಿಯುತ್ತಿತ್ತು. ಕಾಲು ಕುಣಿಯುತ್ತಿತ್ತು, ಮುಖ ಹೆದರಿತ್ತು. "ನಿಲ್ಲಿಸಿ, ಯಾರಾದ್ರೂ ನಿಲ್ಲಿಸಿ," ಎಂದು ತನ್ನ ಕಾಲುಗಳನ್ನೇ ನೋಡುತ್ತ ಅಳುತ್ತಿದ್ದಳು. ಚಮಚ ಇಡುವ ಪಂಜಾಬಿ ಹೆಂಗಸು ಅವಳನ್ನು ಹಿಡಿಯಲು ಹೋದಳು. ಹಿಡಿದವಳೂ ಕುಣಿದಳು. ಆಮೇಲೆ ಸಲಾಡಿನ ನೇಪಾಳಿ ಹೆಂಗಸು. ಆಮೇಲೆ ಆಚೆ ಲೈನಿನವರು. ಟ್ರೇಗಳು ಬೆಲ್ಟಿನ ತುದಿಯಲ್ಲಿ ರಾಶಿಬಿದ್ದು ಉರುಳಿದವು. ಬೆಲ್ಟು ನಿಂತಿತು. ಬಿಳಿ ಕೋಟಿನ ಹೆಂಗಸರು ಬನ್ನು ತುಳಿಯುತ್ತ, ಸಲಾಡು ತುಳಿಯುತ್ತ ಕುಣಿದರು. ಸೆಕ್ಯುರಿಟಿಯ ಗಂಡಸರು ರಟ್ಟೆ ಹಿಡಿದು ಎಳೆದರು. ಎಳೆದಷ್ಟೂ ಕುಣಿತ ಏರಿತು.

ಸುಶೀಲಾಬಾಯಿಗೆ ಇದು ಹೊಸದಲ್ಲ.

ಅವಳ ಅಪ್ಪ ಮಾದಿಗರ ಕೇರಿಯ ಹಲಗೆ ಬಾರಿಸುವವನು. ಊರಲ್ಲಿ ಯಾವ ಹೆಂಗಸಿನ ಮೈಮೇಲೆ ದೇವರು ಬಂದರೂ ಅಪ್ಪನಿಗೆ ಕರೆ ಬರುತ್ತಿತ್ತು. ಹುಲ್ಲಿನ ಬೆಂಕಿಗೆ ಹಲಗೆ ಕಾಯಿಸಿಕೊಡುವುದು ಅವಳ ಕೆಲಸ. ಹೆಣ್ಣು ಹುಡುಗಿ ಹಲಗೆ ಬಾರಿಸುವಂತಿರಲಿಲ್ಲ, ಕೇಳಬಹುದಿತ್ತು. ಅಪ್ಪ ಗೌಡರ ಅಂಗಳದ ಹೊರಗೆ ನಿಲ್ಲುತ್ತಿದ್ದ. ಒಳಗೆ ಸೊಸೆ ಕೂದಲು ಬಿಚ್ಚಿ ಕುಣಿಯುತ್ತಿದ್ದಳು. ಅಪ್ಪ ಸುಮ್ಮನೆ ನಿಂತಿರುತ್ತಿದ್ದ. ಮನೆಯ ಹಿರಿಯ ಮೊದಲು ಕೈಮುಗಿದು ಕೇಳಬೇಕು: "ಯಾರವ್ವ ನೀನು? ಏನ್ ಬೇಕು ನಿನಗ?" ವರ್ಷವಿಡೀ ಬಾಯಿಬಿಡದ ಸೊಸೆ ಆಗ ಬಾಯಿಬಿಡುತ್ತಿದ್ದಳು. ತವರಿಗೆ ಕಳಿಸಿಲ್ಲ ಎನ್ನುತ್ತಿದ್ದಳು. ಹೊಟ್ಟೆ ತುಂಬ ಹಾಕುವುದಿಲ್ಲ ಎನ್ನುತ್ತಿದ್ದಳು. ದುರ್ಗವ್ವನ ದನಿಯಲ್ಲಿ ಹೇಳಿದ್ದರಿಂದ ಯಾರೂ ಹೊಡೆಯುವಂತಿರಲಿಲ್ಲ. ಹಿರಿಯ "ಆತವ್ವ, ಕೊಡತೀವಿ" ಎನ್ನಬೇಕು. ಆಮೇಲೆಯೇ ಅಪ್ಪನ ಇಳಿಸುವ ಪೆಟ್ಟು. ಉಳಿದೆಲ್ಲ ಹೊತ್ತು ಗೌಡನ ನೆರಳಿಗೂ ಹೆದರುತ್ತಿದ್ದ ಅಪ್ಪ ಇದೊಂದರಲ್ಲಿ ಗೌಡನನ್ನೂ ಕಾಯಿಸುತ್ತಿದ್ದ. "ಕೇಳದ ಇಳಿಸಬಾರದವ್ವ," ಎನ್ನುತ್ತಿದ್ದ. "ಕೇಳದ ಇಳಿಸಿದ್ರ ಅದು ಕಾಲಾಗ ಉಳೀತದ."

ಕೆಲಸ ಮುಗಿದ ಮೇಲೆ ಅಂಗಳದ ಆಚೆಗೆ ರೊಟ್ಟಿ ಎಸೆಯುತ್ತಿದ್ದರು. ಅವಳು ಆರಿಸಿಕೊಳ್ಳುತ್ತಿದ್ದಳು.

ಇಲ್ಲಿ ಯಾರು ಕೇಳಬೇಕು? ಕ್ಲೋಟಿಲ್ಡಾಳ ತುಟಿ ನೀಲಿಯಾಗುತ್ತಿತ್ತು. ಸುಶೀಲಾಬಾಯಿ ಎಲ್ಲ ಮರೆತಳು. ಅಡಿವೆಪ್ಪನ ಮಾತು ಮರೆತಳು, ಅಪ್ಪನ ಮಾತೂ ಮರೆತಳು. ಗ್ಲೋವ್ಸು ಕಿತ್ತೆಸೆದು, ನೀಲಿ ಕ್ರೇಟೊಂದನ್ನು ಬೋರಲು ಹಾಕಿ, ತೊಡೆಗೆ ಒತ್ತಿಕೊಂಡು ಬಡಿದಳು. ಮೊದಲು ಅವರ ಕಾಲಿನ ಲಯಕ್ಕೆ ಸೇರಿಕೊಂಡು. ಆಮೇಲೆ ಒಂದು ಪೆಟ್ಟು ಬಾರಿಸದೆ ನುಂಗಿ. ಆಮೇಲೆ ಎರಡು ನುಂಗಿ. ಕಾಲುಗಳು ಪೆಟ್ಟನ್ನು ಹುಡುಕಿದವು, ತಡವಿದವು, ನಿಧಾನವಾದವು. ಕೊನೆಗೆ ಅಂಗೈ ಊರಿ ದನಿ ಮುಚ್ಚಿದಳು. ಹೆಂಗಸರು ಒಬ್ಬೊಬ್ಬರಾಗಿ ನಿಂತಲ್ಲೇ ಕುಸಿದು ಕೂತರು.

ಶೆಡ್ಡಿನಲ್ಲಿ ಫ್ಯಾನಿನ ಸದ್ದಷ್ಟೇ ಇತ್ತು. ಅವಳ ಅಂಗೈ ಒಡೆದಿತ್ತು.

ರುದ್ರೇಶ ಅವಳ ಕೈಯನ್ನೇ ನೋಡುತ್ತಿದ್ದ. ಎರಡು ವರ್ಷ ಕೇಳಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು.

"ಓಹೋ. ಈಗ ಗೊತ್ತಾತು ಬಿಡು," ಎಂದ. "ಏಳು. ಈ ಹೊಲಸೆಲ್ಲಾ ಬಳಿ ನೀ."

ಅಕ್ಕಾರ ಹೋಗಿತ್ತು. ರೀ ಹೋಗಿತ್ತು. ಅವಳು ಎದ್ದು ಬಳಿದಳು.

ಬುಧವಾರ ಹೌನ್ಸ್ಲೋದ ಅಡುಗೆಮನೆಯಲ್ಲಿ ರೊಟ್ಟಿಯ ಹಂಚು ಇರಲಿಲ್ಲ. ರುದ್ರೇಶನ ಚಿಗವ್ವ ಅದನ್ನು ತನ್ನ ಕೋಣೆಗೆ ಒಯ್ದಿದ್ದಳು. ಒಲೆಯ ಮೇಲೆ ಹೊಸದೊಂದು ಸಣ್ಣ ಪ್ಯಾನು ಇತ್ತು. "ಅದು ನಿಮಗ," ಎಂದಳು ಮುದುಕಿ, ಬಾಗಿಲಾಚೆಯಿಂದ. "ತಿಂಗಳ ಕೊನೀತನಕ ನಡೀತದ. ಆಮ್ಯಾಲ ಬ್ಯಾರೆ ನೋಡಿಕೊಳ್ರಿ. ಊರಿಂದ ನಮ್ಮ ತಮ್ಮ ಬರಾಂವದಾನ."

ಅಡಿವೆಪ್ಪ ರಾತ್ರಿಪಾಳಿ ಮುಗಿಸಿ ಬಂದು ಮಂಚದ ಅಂಚಿನಲ್ಲಿ ಕೂತ. ಬೂಟು ಬಿಚ್ಚಲಿಲ್ಲ. ಅವಳ ಒಡೆದ ಅಂಗೈ ನೋಡಿದ.

"ಹಲಗಿ ಮುಟ್ಟಿದ್ಯಾ?"

"ಹೂಂ."

ಅವನು ಗೋಡೆಯ ಕಡೆ ತಿರುಗಿ ಮಲಗಿದ. ನಿದ್ದೆ ಬಂದಿಲ್ಲ ಎಂದು ಅವನ ಬೆನ್ನು ಹೇಳುತ್ತಿತ್ತು.

ಗುರುವಾರ ಎಲ್ಲರನ್ನೂ ಕ್ಯಾಂಟೀನಿನಲ್ಲಿ ಕೂರಿಸಿದರು. ಎಚ್.ಆರ್. ಮೇಡಂ ಬಂದಿದ್ದಳು. ಅವಳ ಜೊತೆ ಮೆತ್ತಗೆ ಮಾತಾಡುವ ಒಬ್ಬ ಮನೋತಜ್ಞ. ಊಟದಲ್ಲಿ ವಿಷವಿಲ್ಲ, ಗಾಳಿಯಲ್ಲಿ ಗ್ಯಾಸಿಲ್ಲ, ಎಲ್ಲ ಪರೀಕ್ಷೆ ಮಾಡಿಯಾಗಿದೆ ಎಂದ. ಆಮೇಲೆ ಪರದೆಯ ಮೇಲೆ ಒಂದು ಹಳೆಯ ಚಿತ್ರ ತೋರಿಸಿದ. ಉದ್ದ ಲಂಗದ ಹೆಂಗಸರು. ಒಬ್ಬೊಬ್ಬಳ ರಟ್ಟೆಯನ್ನೂ ಇಬ್ಬಿಬ್ಬರು ಗಂಡಸರು ಹಿಡಿದಿದ್ದಾರೆ. ಹೆಂಗಸರ ತಲೆ ಹಿಂದಕ್ಕೆ ಬಿದ್ದಿದೆ. ರುದ್ರೇಶ ಅರ್ಧಮರ್ಧ ಕನ್ನಡಕ್ಕೆ ಹೇಳುತ್ತಿದ್ದ.

ಐನೂರು ವರ್ಷದ ಹಿಂದಿನ ಮಾತು. ಸ್ಟ್ರಾಸ್‌ಬರ್ಗ್ ಎಂಬ ಊರು. ಬೇಸಿಗೆಯಲ್ಲಿ ಒಬ್ಬಳು ಹೆಂಗಸು ಬೀದಿಗೆ ಬಂದು ಕುಣಿಯತೊಡಗಿದಳು. ನಿಲ್ಲಿಸಲು ಅವಳಿಗೇ ಆಗಲಿಲ್ಲ. ಕೆಲವು ದಿನಗಳಲ್ಲಿ ಬೀದಿ ತುಂಬ ಕುಣಿಯುವವರು. ಕಾಲಿನಿಂದ ರಕ್ತ ಸುರಿದರೂ ಕುಣಿದರು. ಸತ್ತರು ಎಂದೂ ಕೆಲವರು ಬರೆದಿದ್ದಾರೆ. ಅವು ಬರಗಾಲದ ವರ್ಷಗಳು, ಜನರಿಗೆ ರೊಟ್ಟಿ ಇರಲಿಲ್ಲ. ಊರಿನ ಹಿರಿಯರು ಕೂಡಿ ಮಾತಾಡಿದರು. ಇದು ಬಿಸಿರಕ್ತ, ಕುಣಿದೇ ಇಳಿಯಬೇಕು ಎಂದರು. ಅಟ್ಟ ಕಟ್ಟಿಸಿದರು. ಊದುವವರನ್ನೂ ಬಾರಿಸುವವರನ್ನೂ ಕೂಲಿಗೆ ಕರೆಸಿದರು. ಕುಣಿತ ಇನ್ನೂ ಹಬ್ಬಿತು. ಯಾಕೆ ಆಯಿತು ಎಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.

"ಮಿಸ್ಟರಿ," ಎಂದ ತಜ್ಞ. ಆ ಮಾತು ಅವನಿಗೆ ಇಷ್ಟವಾದಂತಿತ್ತು.

ಸುಶೀಲಾಬಾಯಿ ಚಿತ್ರವನ್ನೇ ನೋಡುತ್ತಿದ್ದಳು. ಊದುವವರು ಒಂದು ಅಂಚಿನಲ್ಲಿದ್ದರು. ಬಾರಿಸುವವರು ಚಿತ್ರದಲ್ಲಿ ಇರಲೇ ಇಲ್ಲ. ಅವರು ಅಂಗಳದ ಹೊರಗೆ ಎಲ್ಲೋ ನಿಂತಿರಬೇಕು. ಅವರಿಗೂ ಯಾರೋ ರೊಟ್ಟಿ ಎಸೆದಿರಬೇಕು.

"ಆಕೀನ ಏನ್ ಬೇಕು ಅಂತ ಯಾರರ ಕೇಳಿದ್ರೇನು?" ಎಂದಳು.

"ಸುಮ್ನ ಕೂಡು," ಎಂದ ರುದ್ರೇಶ.

ಅವಳು ಎದ್ದು ನಿಂತಳು. ಎರಡು ವರ್ಷದಲ್ಲಿ ಕೂಡಿಸಿಕೊಂಡ ಇಂಗ್ಲಿಷಿನಲ್ಲಿ ತಾನೇ ಕೇಳಿದಳು. "ದಟ್ ಲೇಡಿ. ಫಸ್ಟ್ ಲೇಡಿ. ಎನಿಬಡಿ ಆಸ್ಕ್? ವಾಟ್ ಯೂ ವಾಂಟ್?"

ತಜ್ಞ ಅವಳ ಕಡೆ ತಿರುಗಿದ. ಒಳ್ಳೆಯ ಪ್ರಶ್ನೆ ಎಂದ. ಯಾವ ದಾಖಲೆಯಲ್ಲೂ ಅದು ಇಲ್ಲ ಎಂದ.

ಎಚ್.ಆರ್. ಮೇಡಂ ಎದ್ದಳು. ಯಾರಿಗೆ ಏನೇ ಕಷ್ಟವಿದ್ದರೂ ಫೋನ್ ಮಾಡಿ ಹೇಳಿಕೊಳ್ಳಬಹುದು, ನಂಬರನ್ನು ಟಾಯ್ಲೆಟ್ಟಿನ ಬಾಗಿಲ ಒಳಗಡೆ ಅಂಟಿಸಿದ್ದೇವೆ ಎಂದಳು. ಆಮೇಲೆ ಸುಶೀಲಾಬಾಯಿಯ ಹತ್ತಿರ ಬಂದು ನಗುತ್ತ ಕೈಕುಲುಕಿದಳು. ಕೋಟಿಗೆ ಒಂದು ಹಳದಿ ಬ್ಯಾಡ್ಜು ಚುಚ್ಚಿದಳು. ರುದ್ರೇಶ ವಿವರಿಸಿದ.

"ನಾಳಿಂದ ನಿನಗ ಬೆಲ್ಟ್ ಕೆಲಸ ಇಲ್ಲ. ಕ್ರೇಟ್ ಹಿಡಕೊಂಡು ಬಾಜೂಕ ನಿಂದರೂದು. ಯಾರರ ಕುಣದ್ರ ಬಾರಿಸಿ ಇಳಸೂದು, ಬೆಲ್ಟ್ ನಿಂದರಬಾರದು. ನಿಮ್ಮ ಅಪ್ಪನ ಕೆಲಸಾನ ಸಿಕ್ಕತು. ಪುಣ್ಯಾ ಮಾಡೀದಿ."

"ಬೆಲ್ಟ್ ಸಾವಕಾಶ ಮಾಡತಾರೇನು?"

"ಇಲ್ಲ."

"ಇನ್ನೊಂದು ಜಾಕೆಟ್?"

"ಅದನ್ಯಾಕ ಕೇಳತಿ? ನಿನ್ನ ಕೆಲಸ ನೀ ಮಾಡು."

ಶುಕ್ರವಾರ ಕ್ಲೋಟಿಲ್ಡಾ ಬಂದಳು. ಪಾದ ಊದಿ ಬೂಟಿನೊಳಗೆ ಹೋಗುತ್ತಿರಲಿಲ್ಲ, ಲೇಸು ಬಿಚ್ಚಿಕೊಂಡೇ ಬಂದಿದ್ದಳು.

"ಯಾಕ ಬಂದ್ರಿ ಬಾಯಾರ?"

"ಮತ್ತೆಂತ ಮಾಡುದು? ಬಾರದಿದ್ರೆ ಬರುದೇ ಬೇಡ ಹೇಳ್ತಾರೆ," ಎಂದಳು ಕ್ಲೋಟಿಲ್ಡಾ. ಧ್ವನಿ ಇಳಿಸಿದಳು. "ನಿದ್ದೆಯಲ್ಲಿ ಸಹ ಇದು ಕುಣೀತದೆ ಸುಶೀಲಾ. ಹೊರಗೆ ಕಾಣುದಿಲ್ಲ. ಒಳಗೆ."

ಸುಶೀಲಾಬಾಯಿಗೆ ಅಪ್ಪನ ಮಾತು ಆಗ ನೆನಪಾಯಿತು. ಕೇಳದೆ ಇಳಿಸಿದ್ದಳು ಅವಳು.

ಮಧ್ಯಾಹ್ನದ ಹೊತ್ತಿಗೆ ಮತ್ತೆ ಶುರುವಾಯಿತು. ಕ್ಲೋಟಿಲ್ಡಾ ಬೆಲ್ಟು ಬಿಟ್ಟು ಬಂದಳು. ಅವಳ ಹಿಂದೆ ಉಳಿದವರು. ರುದ್ರೇಶ ಸುಶೀಲಾಬಾಯಿಯ ಕಡೆ ಚಿಟಿಕೆ ಹೊಡೆದ.

"ಹೂಂ. ಬಾರಿಸು."

ಅವಳು ಕ್ರೇಟನ್ನು ಕೆಳಗಿಟ್ಟಳು.

"ಮೊದಲ ಕೇಳು."

"ಏನ್ ಕೇಳೂದು?"

"ಆಕೀಗೆ ಏನ್ ಬೇಕು ಅಂತ ಕೇಳು. ಕೈ ಮುಗದು ಕೇಳು. ಕೊಡತೀನಿ ಅನ್ನು. ಆಮ್ಯಾಲ ಬಾರಸ್ತೀನಿ."

"ತಲಿ ಕೆಟ್ಟೈತೇನ್ ನಿಂದು? ಫ್ಲೈಟ್ ಕಾಯಾಕತ್ತಾವ!"

"ಕಾಯಲಿ."

ಎಚ್.ಆರ್. ಮೇಡಂ ಗಾಜಿನ ಕೋಣೆಯಿಂದ ಓಡಿಬಂದಳು. "ಸುಶೀಲಾ, ಪ್ಲೀಸ್." ಸುಶೀಲಾಬಾಯಿ ಕ್ಲೋಟಿಲ್ಡಾಳನ್ನು ತೋರಿಸಿದಳು. "ಯೂ ಆಸ್ಕ್. ಯೂ ಬಿಗ್ ಪರ್ಸನ್. ಯೂ ಆಸ್ಕ್ ಹರ್." ಮೇಡಂ ರುದ್ರೇಶನನ್ನು ನೋಡಿದಳು. ರುದ್ರೇಶ ಹೆಗಲು ಕುಣಿಸಿದ. ಕೇಳುವುದು ಅಷ್ಟು ಸುಲಭವಿತ್ತು. ಮೂರು ಹೆಜ್ಜೆ ಮುಂದೆ ಹೋಗಿ ಮೂರು ಮಾತು ಆಡಿದ್ದರೆ ಮುಗಿಯುತ್ತಿತ್ತು. ಇಬ್ಬರೂ ಹೋಗಲಿಲ್ಲ. ಕೇಳಿದರೆ ಅವಳು ಹೇಳಿಬಿಡುತ್ತಾಳೆ ಎಂದು ಇಬ್ಬರಿಗೂ ಗೊತ್ತಿತ್ತು.

"ನಿನ್ನ ಗೆಳತಿ ಸಾಯಾಕತ್ತಾಳ. ನೋಡಕೋತ ನಿಂತೀದಿ. ಎಂಥಾ ಜಾತಿ ನಿಮ್ಮದು," ಎಂದ ರುದ್ರೇಶ.

ಸುಶೀಲಾಬಾಯಿ ತನ್ನ ಕೋಟಿನ ಬ್ಯಾಡ್ಜು ಕಿತ್ತು ನಿಂತ ಬೆಲ್ಟಿನ ಮೇಲಿನ ಟ್ರೇಯಲ್ಲಿ, ಬನ್ನು ಇಡುವ ಜಾಗದಲ್ಲಿ ಇಟ್ಟಳು. ಕೈ ಹಿಂದಕ್ಕೆ ಕಟ್ಟಿಕೊಂಡಳು. ಬೆರಳುಗಳು ಒಂದನ್ನೊಂದು ಬಿಗಿಯಾಗಿ ಹಿಡಿದವು. ಇಡೀ ಮೈ ಆ ಕ್ರೇಟಿನ ಕಡೆ ಎಳೆಯುತ್ತಿತ್ತು. ತನ್ನ ಕಾಲಾದರೂ ಕುಣಿಯಲಿ ಎಂದು ಅವಳು ಕಾದಳು. ಕುಣಿದಿದ್ದರೆ ನೋಡುತ್ತ ನಿಲ್ಲುವುದು ತಪ್ಪುತ್ತಿತ್ತು. ಕಾಲು ಕುಣಿಯಲಿಲ್ಲ.

ಕೊನೆಗೆ ರುದ್ರೇಶನೇ ಕ್ರೇಟು ಎತ್ತಿಕೊಂಡ. ಅವನ ಮನೆತನದಲ್ಲಿ ಯಾರೂ ಮಾಡದ ಕೆಲಸ. ಎರಡೂ ಕೈಯಿಂದ ಬಡಿದ. ಅವನಿಗೆ ಪೆಟ್ಟು ನುಂಗುವುದು ಗೊತ್ತಿರಲಿಲ್ಲ. ಜೋರಾಗಿ ಬಡಿಯುವುದು ಗೊತ್ತಿತ್ತು. ಅದು ಏರಿಸುವ ಪೆಟ್ಟು. ಸುಮ್ಮನೆ ನಿಂತಿದ್ದ ಹೆಂಗಸರ ಕಾಲೂ ಎದ್ದವು. ಹೆಗಲ ಮೇಲಿನ ಕೆಂಪು ಜಾಕೆಟ್ಟು ಜಾರಿ ಬಿತ್ತು. ಅದನ್ನು ತುಳಿದುಕೊಂಡೇ ಕುಣಿದರು.

ಕ್ಲೋಟಿಲ್ಡಾಳ ಕಾಲು ಬೆಣ್ಣೆಯ ಮೇಲೆ ಜಾರಿತು. ಬೆಲ್ಟಿನ ಉಕ್ಕಿನ ಅಂಚಿಗೆ ಸೊಂಟ ಬಡಿದ ಸದ್ದು ಆ ಬಡಿತದ ನಡುವೆಯೂ ಕೇಳಿಸಿತು.

ಸುಶೀಲಾಬಾಯಿಯ ಫೋನಿನಲ್ಲಿ ಮುಂದಿನ ವಾರದ ಶಿಫ್ಟುಗಳು ಖಾಲಿ ಬಂದವು. ಅದರ ಮುಂದಿನ ವಾರವೂ. ಆ ಲೈನಿಗೆ ಬೇರೆ ಏಜೆನ್ಸಿಯಿಂದ ಹೊಸ ಹೆಂಗಸರು ಬಂದರು. ಬೆಲ್ಟಿನ ವೇಗ ಇಳಿಯಲಿಲ್ಲ. ಜಾಕೆಟ್ಟನ್ನು ಒಗೆದು ಮತ್ತೆ ತಂದರು.

"ಬಾರಿಸಿದ್ರ ಕೆಲಸರ ಉಳೀತಿತ್ತು," ಎಂದ ಅಡಿವೆಪ್ಪ. ರೂಮು ಖಾಲಿ ಮಾಡಲು ಚೀಲಕ್ಕೆ ಬಟ್ಟೆ ತುರುಕುತ್ತಿದ್ದ.

"ಬಾರಿಸಿದ್ದಕ್ಕ ಮನಿ ಹೋತು," ಎಂದಳು ಅವಳು. "ಬಾರಿಸಲಾರದ್ದಕ್ಕ ಕೆಲಸ ಹೋತು."

ಅವನು ಚೀಲದ ಜಿಪ್ಪು ಎಳೆದ. ಆ ಸಣ್ಣ ಪ್ಯಾನನ್ನು ಅಲ್ಲೇ ಬಿಟ್ಟರು.

ಅವಳು ಬಸ್ಸು ಹತ್ತಿ ಆಸ್ಪತ್ರೆಗೆ ಹೋದಳು. ಕ್ಲೋಟಿಲ್ಡಾಳ ಸೊಂಟಕ್ಕೆ ಆಪರೇಷನ್ ಆಗಿತ್ತು. ಇನ್ನು ನಿಲ್ಲುವುದು ಕಷ್ಟ ಎಂದಿದ್ದರು. ಎಡ್ಸನ್ ಒಂದು ದಿನ ಬಂದು ಹೋಗಿದ್ದ. ಮುಖ ಸಣ್ಣದಾಗಿತ್ತು. ಆದರೂ ಕಂಡ ಕೂಡಲೇ, "ಬಾ ಬಾ, ಇಲ್ಲಿ ಜಾಕೆಟ್ ಬೇಡ. ಮಲಗಿದಲ್ಲೇ ಪೈಪು ಹಾಕಿದ್ದಾರೆ," ಎಂದಳು.

ಸುಶೀಲಾಬಾಯಿಗೆ ನಗಲಾಗಲಿಲ್ಲ. ಕುರ್ಚಿ ಎಳೆದು ಕೂತಳು. ಹೊದಿಕೆಯ ಕೆಳಗೆ ಕ್ಲೋಟಿಲ್ಡಾಳ ಪಾದಗಳು ಅಲುಗುತ್ತಿದ್ದವು. ಸಣ್ಣಗೆ, ಬಿಡದೆ, ಲಯ ತಪ್ಪದೆ.

"ಅವತ್ತು ನಾ ಬಾರಸ್ಲಿಲ್ಲ ಬಾಯಾರ."

"ಗೊತ್ತುಂಟು. ನೀನು ಕೈ ಕಟ್ಟಿ ನಿಂತದ್ದು ಕಾಣ್ತಿತ್ತು ನನಗೆ."

"ಸಿಟ್ಟು ಬಂತೇನ್ರಿ?"

ಕ್ಲೋಟಿಲ್ಡಾ ಚಾವಣಿ ನೋಡಿದಳು. ಮೇಲೆ ಎಲ್ಲೋ ವಿಮಾನ ಹೋಗುತ್ತಿತ್ತು.

ಸುಶೀಲಾಬಾಯಿ ಎದ್ದು ನಿಂತಳು. ಹೊದೆಯಲು ಸೆರಗಿರಲಿಲ್ಲ, ತೊಟ್ಟ ಸ್ವೆಟರಿನಲ್ಲಿಯೇ ಎರಡೂ ಕೈ ಜೋಡಿಸಿದಳು. ಅವಳ ಕೇರಿಯವರು ಯಾರೂ ಯಾವತ್ತೂ ಕೇಳಿದ ಮಾತಲ್ಲ ಅದು. ಕೇಳುವವರು ಯಾವಾಗಲೂ ಅಂಗಳದ ಒಳಗಿನವರು.

"ಯಾರವ್ವ ನೀನು? ಏನ್ ಬೇಕು ನಿನಗ?"

ಕ್ಲೋಟಿಲ್ಡಾ ಅವಳ ಕಡೆ ತಲೆ ಹೊರಳಿಸಿದಳು. ಕಣ್ಣು ತುಂಬಿತು. ಆಮೇಲೆ ಕೈಚಾಚಿ ಅವಳ ಜೋಡಿಸಿದ ಕೈಗಳನ್ನು ಮೆಲ್ಲಗೆ ಬಿಡಿಸಿದಳು.

"ಎಂತ ಕೇಳ್ತಿ ಮಾರಾಯ್ತಿ," ಎಂದಳು. "ಎಂತ ಉಂಟು ನಿನ್ನತ್ರ, ಕೊಡ್ಲಿಕ್ಕೆ?"

ಸುಶೀಲಾಬಾಯಿ ಕೂತಳು. ಮಂಚದ ಕಬ್ಬಿಣದ ಕಂಬಿ ಕೈಗೆಟಕುವಷ್ಟು ಹತ್ತಿರವಿತ್ತು. ಅವಳು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಳು.

ನರ್ಸ್ ಬಂದಳು. ಚಳಿಯಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು, ಉತ್ತರಕ್ಕೆ ನಿಲ್ಲಲಿಲ್ಲ. ಹೊದಿಕೆಯ ಅಂಚನ್ನು ಹಾಸಿಗೆಯ ಕೆಳಗೆ ಬಿಗಿಯಾಗಿ ಸಿಕ್ಕಿಸಿ, ಪಾದದ ಮೇಲೆ ಇನ್ನೊಂದು ಹೊದಿಕೆ ಹೊದಿಸಿ ಹೋದಳು.

ಅದೂ ಅಲುಗತೊಡಗಿತು.